ಓದುಗರು ಕೇಳಿದ್ದು: ಪ್ಯೂಜೆಟ್ ಸೌಂಡಿನಲ್ಲಿ ಏಡಿ ಬೋನು ಇಳಿಸುವ ಮುನ್ನ

ಸಿಯಾಟಲ್ ಸುತ್ತಮುತ್ತಲ ಕನ್ನಡಿಗರಿಂದ ಅಲ್ಲಿನ ಕಡಲಚಾಚು ಪ್ಯೂಜೆಟ್ ಸೌಂಡಿನಲ್ಲಿ ಏಡಿ ಹಿಡಿಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೇ ಎತ್ತಿಕೊಂಡಿದ್ದೇವೆ. ಡೆಂಜಿ ಎನ್ನಿ, ಕುರ್ಲಿ ಎನ್ನಿ, ನಮ್ಮ ಕರಾವಳಿಯವರಿಗೆ ಏಡಿ ಹೊಸದಲ್ಲ. ಆದರೆ ಊರಲ್ಲಿ ಕಡಲಿನ ಕಟ್ಟುನಿಟ್ಟೆಲ್ಲ ಹೆಚ್ಚಾಗಿ ದೋಣಿಯವರಿಗೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವೂ ಯಾಂತ್ರೀಕೃತ ದೋಣಿಗಳನ್ನೇ ನೋಡಿ ಮಾಡಿದ್ದು. ವಾಷಿಂಗ್ಟನ್ ರಾಜ್ಯದಲ್ಲಿ ಸಾರಿಗೆಂದು ಎರಡು ಏಡಿ ತರುವವರೂ ಕಾನೂನಿನ ಲೆಕ್ಕಕ್ಕೆ ಬರುತ್ತಾರೆ. ಲೈಸೆನ್ಸ್ ಬೇಕೆಂಬುದು ಬಹುತೇಕ ಎಲ್ಲರಿಗೂ ಗೊತ್ತಿದೆ. ಎಡವುವುದು ಕಾರ್ಡಿನಲ್ಲಿ ಮತ್ತು ಒಂದು ಗೇಣು ಹತ್ತಿ ದಾರದಲ್ಲಿ.

ಪ್ರಶ್ನೆ: ನಾನು, ಹೆಂಡತಿ, 12 ವರ್ಷದ ಮಗ. ಬೈಂದೂರಿನಿಂದ ಅಮ್ಮ ಮೂರು ತಿಂಗಳಿಗೆಂದು ಬಂದಿದ್ದಾರೆ. ಲೈಸೆನ್ಸ್ ನನ್ನೊಬ್ಬನ ಹೆಸರಲ್ಲಿ ಇದ್ದರೆ ಸಾಲದೇ? ನಾಲ್ವರೂ ಹೋದರೆ ಎಷ್ಟು ಬೋನು ಹಾಕಬಹುದು? (ಬೋಥೆಲ್)

ಸಾಲದು. ಲೈಸೆನ್ಸ್ ಕುಟುಂಬಕ್ಕಲ್ಲ, ಆಳಿಗೆ. 15 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಚಿಪ್ಪುಜೀವಿ ಮತ್ತು ಕಡಲಪಾಚಿಯ ಲೈಸೆನ್ಸ್ ಬೇಕು. ಮೀನು, ಚಿಪ್ಪು ಎಲ್ಲ ಸೇರಿದ ಕಾಂಬಿನೇಷನ್ ಲೈಸೆನ್ಸ್ ಇದ್ದರೂ ನಡೆಯುತ್ತದೆ. ಅದರ ಮೇಲೆ ಪ್ಯೂಜೆಟ್ ಸೌಂಡಿನಲ್ಲಿ ಡಂಜನೆಸ್ ಎಂಬ ಜಾತಿಯ ಏಡಿ ಹಿಡಿಯುವವರು ಏಡಿಗೆಂದೇ ಇರುವ ಹೆಚ್ಚುವರಿ ಅನುಮತಿ, ಅಂದರೆ ಕ್ರ್ಯಾಬ್ ಎಂಡೋರ್ಸ್‌ಮೆಂಟ್ ಅನ್ನು ಬೇರೆಯಾಗಿ ಕೊಳ್ಳಬೇಕು. ಅದರೊಡನೆ ಕೈಗೆ ಬರುವುದೇ ಹಿಡಿದ ಏಡಿಯ ಲೆಕ್ಕ ಬರೆಯುವ ಕ್ಯಾಚ್ ರೆಕಾರ್ಡ್ ಕಾರ್ಡ್. ಮೂರನ್ನೂ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಜಾಲತಾಣದಲ್ಲಿ ಅಥವಾ ಕ್ರೀಡಾ ಸಾಮಗ್ರಿಯ ದೊಡ್ಡ ಅಂಗಡಿಗಳಲ್ಲಿ ಪಡೆಯಬಹುದು. ವಾರ್ಷಿಕ ಲೈಸೆನ್ಸಿನ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ. ಫೆಬ್ರವರಿಯಲ್ಲಿ ಕೊಂಡರೆ ಎರಡೇ ತಿಂಗಳಿಗೆ ಮುಗಿಯುತ್ತದೆ, ನೆನಪಿರಲಿ.

ನಿವಾಸಿ ದರ ಸಿಗಬೇಕಾದರೆ ಅರ್ಜಿಗೆ ಮುಂಚಿನ ಕನಿಷ್ಠ 90 ದಿನ ರಾಜ್ಯದಲ್ಲೇ ಕಾಯಂ ಮನೆ ಮಾಡಿರಬೇಕು, ಮುಂದೆಯೂ ಇಲ್ಲೇ ಇರುವುದಕ್ಕೆ ದಾಖಲೆ ಇರಬೇಕು, ಬೇರೆ ರಾಜ್ಯದಲ್ಲಿ ನಿವಾಸಿಯೆಂದು ಇಂಥದೇ ಲೈಸೆನ್ಸ್ ಪಡೆದಿರಬಾರದು. ಕಳೆದ ತಿಂಗಳು ಟೆಕ್ಸಾಸಿನಿಂದ ಬಂದಿಳಿದವರು 90 ದಿನ ತುಂಬುವವರೆಗೆ ಕಾಯಬೇಕು, ಇಲ್ಲವೇ ಹೊರಗಿನವರ ದರ ಕೊಡಬೇಕು. ನಿಮ್ಮ ಅಮ್ಮ ಹೊರಗಿನವರ ಲೆಕ್ಕ. ಅವರಿಗೆ ಒಂದರಿಂದ ಮೂರು ದಿನದ ತಾತ್ಕಾಲಿಕ ಲೈಸೆನ್ಸ್ ಸಾಕು, ಆದರೆ ಎಂಡೋರ್ಸ್‌ಮೆಂಟ್ ಅವರಿಗೂ ಬೇಕು.

ಅಮ್ಮ ಕುರ್ಚಿ ಹಾಕಿಕೊಂಡು ನೋಡುತ್ತ ಕೂತರೆ ಯಾವುದೂ ಬೇಡ. ಹಗ್ಗಕ್ಕೆ ಕೈ ಹಚ್ಚಿದರೆ ಬೇಕು. ಬೋನು ಎಳೆಯುವುದು, ಇಳಿಸುವುದು ಎಲ್ಲ ಹಿಡಿಯುವ ಕೆಲಸವೇ. 'ಒಂದು ಸಲ ಎಳೆಯಲಿ ಬಿಡಿ, ಫೋಟೊಗೆ' ಎನ್ನುವ ಹೊತ್ತಿಗೇ ತಪಾಸಣೆಯವರು ಬರುವುದುಂಟು.

ಮಗನಿಗೆ ಲೈಸೆನ್ಸ್ ಬೇಡ. ಆದರೆ ಅವನ ಹೆಸರಿನ ಕಾರ್ಡ್ ಬೇಕೇ ಬೇಕು. 15ರೊಳಗಿನವರಿಗೆ ಅದಕ್ಕೆ ದುಡ್ಡಿಲ್ಲ, ಆದರೂ ಕಾರ್ಡಿಲ್ಲದೆ ಅವನು ಒಂದು ಡಂಜನೆಸ್ಸನ್ನೂ ಇಟ್ಟುಕೊಳ್ಳುವಂತಿಲ್ಲ. ನಾವು ಕಂಡಂತೆ ಅತಿ ಹೆಚ್ಚು ಜನ ಮರೆಯುವುದು ಇದನ್ನೇ.

ಬೋನು ತಲಾ ಎರಡು. ನಾಲ್ವರ ಹತ್ತಿರವೂ ಕಾಗದ ಸರಿಯಿದ್ದರೆ ಎಂಟು, ನಿಮ್ಮೊಬ್ಬರದೇ ಆದರೆ ಎರಡು. ಇಟ್ಟುಕೊಳ್ಳುವ ಡಂಜನೆಸ್ ಕೂಡ ದಿನಕ್ಕೆ ತಲಾ ಐದು. ನಿಮ್ಮ ಐದು ತುಂಬಿದ ಮೇಲೆ ಮಿಕ್ಕದ್ದನ್ನು ಹೆಂಡತಿಯ ಕಾರ್ಡಿಗೆ ಬರೆದುಬಿಡುವುದು ನಡೆಯದು. ಅವರ ಐದನ್ನು ಅವರೇ ಹಿಡಿಯಬೇಕು.

ಪ್ರಶ್ನೆ: ಕಾರ್ಡನ್ನು ಮನೆಗೆ ಬಂದು ನಿಧಾನವಾಗಿ ತುಂಬಿಸಬಹುದೇ? ಹೋದ ವರ್ಷ ಒಂದೂ ಸಿಗಲಿಲ್ಲ, ಕಾರ್ಡ್ ಎಸೆದುಬಿಟ್ಟೆ. ಈ ವರ್ಷ ಲೈಸೆನ್ಸ್ ಕೊಳ್ಳುವಾಗ 10 ಡಾಲರ್ ಹೆಚ್ಚಿಗೆ ಹಾಕಿದ್ದಾರೆ. (ಸಮಾಮಿಶ್)

ಆ 10 ಡಾಲರ್ ವರದಿ ಕೊಡದ್ದಕ್ಕೆ ದಂಡ. ಸೊನ್ನೆ ಏಡಿ ಸಿಕ್ಕಿದ್ದರೂ, ಕಾರ್ಡ್ ಕೊಂಡು ಮನೆ ಬಿಟ್ಟು ಹೊರಡದೇ ಇದ್ದರೂ 'ಸೊನ್ನೆ' ಎಂದು ತಿಳಿಸಲೇಬೇಕು. ಬೇಸಿಗೆ ಕಾರ್ಡಿನ ವರದಿಗೆ ಗಡುವು ಅಕ್ಟೋಬರ್ 1, ಚಳಿಗಾಲದ ಕಾರ್ಡಿಗೆ ಫೆಬ್ರವರಿ 1. ಎರಡೂ ಬೇರೆ ಬೇರೆ ಕಾರ್ಡು. ಆನ್‌ಲೈನಿನಲ್ಲಿ ಎರಡು ನಿಮಿಷದ ಕೆಲಸ.

ಮನೆಗೆ ಬಂದು ಬರೆಯುವ ಮಾತೇ ಇಲ್ಲ. ಏಡಿಯನ್ನು ಇಟ್ಟುಕೊಳ್ಳುತ್ತೇನೆಂದು ಬಕೆಟ್ಟಿಗೆ ಹಾಕಿದ ಕೂಡಲೇ, ಬೋನನ್ನು ಮತ್ತೆ ನೀರಿಗೆ ಬಿಡುವ ಮೊದಲೇ, ಇಂಕಿನಲ್ಲಿ ಬರೆಯಬೇಕು: ದಿನಾಂಕ, ಮರೈನ್ ಏರಿಯಾ (ಕಡಲ ವಿಭಾಗ) ಸಂಖ್ಯೆ, ಎಷ್ಟು ಏಡಿ. ಒದ್ದೆ ಕೈಯಲ್ಲಿ ಕಾಗದ ಹಿಟ್ಟಾಗುತ್ತದೆ. ಜಿಪ್ ಚೀಲವೊಂದರಲ್ಲಿ ಕಾರ್ಡು, ಬಾಲ್‌ಪೆನ್ನು, ಸಣ್ಣ ಒಣ ಬಟ್ಟೆ ಇಟ್ಟುಕೊಳ್ಳಿ. ಜೆಲ್ ಪೆನ್ ಬೇಡ, ಹರಡುತ್ತದೆ. ರೆಡ್ ರಾಕ್ ಎಂಬ ಇನ್ನೊಂದು ಜಾತಿಯ ಏಡಿಯನ್ನು ಬರೆಯಬೇಕಿಲ್ಲ, ಡಂಜನೆಸ್ ಮಾತ್ರ.

ಇಷ್ಟು ಕಿರಿಕಿರಿ ಯಾಕೆ ಎಂದರೆ, ಈ ಏಡಿಗೆ ಪಾಲುದಾರರು ಹಲವರು. ನ್ಯಾಯಾಧೀಶ ಬೋಲ್ಟ್ ಅವರ 1974ರ ತೀರ್ಪು 19ನೆಯ ಶತಮಾನದ ಒಪ್ಪಂದಗಳಂತೆ ಮೂಲನಿವಾಸಿ ಬುಡಕಟ್ಟುಗಳಿಗೆ ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲಿದೆ ಎಂದಿತು. ನ್ಯಾಯಾಧೀಶ ರಫೀಡಿ ಅವರ 1994ರ ತೀರ್ಪು ಅದನ್ನು ಚಿಪ್ಪುಜೀವಿಗಳಿಗೂ ವಿಸ್ತರಿಸಿತು. ಉಳಿದರ್ಧದಲ್ಲಿ ವ್ಯಾಪಾರದ ದೋಣಿಯವರೂ ನಮ್ಮಂಥ ಹವ್ಯಾಸಿಗಳೂ ಹಂಚಿಕೊಳ್ಳಬೇಕು. ಹವ್ಯಾಸಿಗಳು ಬೇಸಿಗೆಯಲ್ಲಿ ಎಷ್ಟು ಹಿಡಿದರು ಎಂಬ ಲೆಕ್ಕ ಸಿಕ್ಕಮೇಲೆಯೇ ಚಳಿಗಾಲದಲ್ಲಿ ಯಾವ ಪ್ರದೇಶ ತೆರೆಯಬೇಕೆಂಬ ತೀರ್ಮಾನ. ಸೊನ್ನೆ ಬಂದವರು ವರದಿ ಕೊಡದಿದ್ದರೆ ಲೆಕ್ಕದಲ್ಲಿ ಸಿಕ್ಕವರಷ್ಟೇ ಉಳಿಯುತ್ತಾರೆ, ಸರಾಸರಿ ಉಬ್ಬುತ್ತದೆ. ನಷ್ಟ ಹವ್ಯಾಸಿಗಳಿಗೇ.

ಪ್ರಶ್ನೆ: ಆನ್‌ಲೈನಿನಲ್ಲಿ ಬೋನು ತರಿಸಿದೆ, ಜೊತೆಗೆ ಹಳದಿ ಹಗ್ಗ ಮತ್ತು ಬಿಳಿ ಬೋಯಾ (ತೇಲುಬುರುಡೆ). ಹೀಗೆಯೇ ಇಳಿಸಬಹುದೇ? (ಕರ್ಕ್‌ಲ್ಯಾಂಡ್)

ಇಳಿಸಬೇಡಿ. ನೀವು ಹೇಳಿದ ಮೂರು ಸಾಮಾನಿನಲ್ಲಿ ಎರಡು ತಪ್ಪಿವೆ, ಮೂರನೆಯದನ್ನು ನೋಡದೆ ಹೇಳಲಾಗದು. ಬೋನಿನಿಂದಲೇ ಶುರು ಮಾಡೋಣ.

ಬೋನಿನ ಮೇಲರ್ಧದಲ್ಲಿ ಕನಿಷ್ಠ ಎರಡು ತಪ್ಪಿಸಿಕೊಳ್ಳುವ ಬಳೆಗಳಿರಬೇಕು, ಪ್ರತಿಯೊಂದರ ಒಳವ್ಯಾಸ 4¼ ಇಂಚಿಗೆ ಕಡಿಮೆಯಿರಬಾರದು. ಏಡಿ ಅಡ್ಡಡ್ಡ ನಡೆಯುವ ಪ್ರಾಣಿ. ಚಿಕ್ಕದು ಈ ಬಳೆಯಲ್ಲಿ ಪಕ್ಕೆಯಾಗಿ ನುಸುಳಿ ಹೋಗುತ್ತದೆ, ದೊಡ್ಡದು ಉಳಿಯುತ್ತದೆ. ಬೇರೆ ರಾಜ್ಯದವರಿಗೆಂದು ತಯಾರಾದ ಅಗ್ಗದ ಬೋನುಗಳಲ್ಲಿ ಬಳೆ ಸಣ್ಣದಿರುತ್ತದೆ, ಇಲ್ಲವೇ ಕೆಳಗಿರುತ್ತದೆ. ಟೇಪು ಹಿಡಿದು ಅಳೆಯಿರಿ. ಆಮಿಷದ ಡಬ್ಬಿಯನ್ನು ಬಳೆಗೆ ಅಡ್ಡ ಕಟ್ಟಿದರೂ ಬಳೆ ಇಲ್ಲದಂತೆಯೇ. ಜಾಲರಿಯ ಕಣ್ಣು 1½ ಇಂಚಿಗಿಂತ ಕಿರಿದಾಗಿರಬಾರದು.

ಮುಂದಿನದು ದಾರ. ಬೋನು ಕಳೆದುಹೋದರೆ ತಾನಾಗಿ ತೆರೆದುಕೊಳ್ಳುವಂತೆ, ಮುಚ್ಚಳದ ಕೊಕ್ಕೆಯನ್ನಾದರೂ ಮೇಲರ್ಧದಲ್ಲಿ 3×5 ಇಂಚಿನ ಒಂದು ಕಿಂಡಿಯನ್ನಾದರೂ ರಾಸಾಯನಿಕ ಹಚ್ಚದ ಹತ್ತಿ ದಾರದಿಂದಲೇ ಕಟ್ಟಿರಬೇಕು. ದಪ್ಪ 1/8 ಇಂಚು ಮೀರಬಾರದು. ಉಪ್ಪುನೀರಿನಲ್ಲಿ ಹತ್ತಿ ಕೊಳೆತು ಹರಿಯುತ್ತದೆ, ಮುಚ್ಚಳ ಸಡಿಲಾಗುತ್ತದೆ, ಒಳಗಿನ ಏಡಿಗಳು ಹೊರಬೀಳುತ್ತವೆ. ಇಲ್ಲವಾದರೆ ಸತ್ತ ಏಡಿಯೇ ಮುಂದಿನ ಏಡಿಗೆ ಆಮಿಷ. ಕೇಳುವವರಿಲ್ಲದ ಬೋನು ತಿಂಗಳುಗಟ್ಟಲೆ ಕೊಲ್ಲುತ್ತಲೇ ಇರುತ್ತದೆ. ಪ್ಯೂಜೆಟ್ ಸೌಂಡಿನಲ್ಲಿ ವರ್ಷಕ್ಕೆ ಸುಮಾರು 12,000 ಬೋನು ಕಳೆದುಹೋಗುತ್ತವೆಂದು ಅಂದಾಜು.

ಇಲ್ಲಿ ಜನ ಮಾಡುವ ತಪ್ಪು ಮೂರು ಬಗೆ. ದಾರ ಹರಿದಾಗ ಕೈಗೆ ಸಿಕ್ಕ ಪ್ಲಾಸ್ಟಿಕ್ ಜಿಪ್ ಟೈ ಹಾಕುವುದು. 'ಹತ್ತಿಯಂತೆ ಕಾಣುವ' ಬಿಳಿ ನೈಲಾನ್ ಕೊಳ್ಳುವುದು. ಹತ್ತಿ ದಾರವನ್ನೇ ನಾಲ್ಕು ಸುತ್ತು ಸುತ್ತಿ ಹಗ್ಗದಷ್ಟು ಗಟ್ಟಿ ಮಾಡುವುದು. ನೈಲಾನ್ ಹೌದೋ ಅಲ್ಲವೋ ತಿಳಿಯಲು ತುದಿಗೆ ಬೆಂಕಿಕಡ್ಡಿ ಹಿಡಿಯಿರಿ: ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ನೈಲಾನ್ ಕರಗಿ ಮಣಿಯಂತೆ ಗಂಟು ಕಟ್ಟುತ್ತದೆ. ಒಂಟಿ ಎಳೆ, ಒಂದು ಗಂಟು ಸಾಕು. ಪ್ರತಿ ಸೀಸನ್ನಿಗೂ ಹೊಸ ದಾರ ಕಟ್ಟಿ. ಇಲ್ಲದಿದ್ದರೆ ಅದು ನೀವು ಎಳೆಯುವ ದಿನವೇ ಹರಿಯುತ್ತದೆ.

ಹಳದಿ ಹಗ್ಗವೆಂದರೆ ಪಾಲಿಪ್ರೊಪಿಲೀನ್, ಅದು ತೇಲುತ್ತದೆ. ಮೇಲೆ ತೇಲುವ ಹಗ್ಗ ದೋಣಿಯ ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ, ಬೋನನ್ನೂ ಕತ್ತರಿಸಿ ಕಳಿಸುತ್ತದೆ. ಆದ್ದರಿಂದ ಹಗ್ಗ ನೀರಿನ ಮಟ್ಟದ ಕೆಳಗೆ ಮುಳುಗಿರಲೇಬೇಕೆಂಬುದು ನಿಯಮ. ಒಳಗೆ ಸೀಸವಿರುವ ಹಗ್ಗ ಕೊಳ್ಳಿ, ಅಥವಾ ಇರುವ ಹಗ್ಗಕ್ಕೆ ಬೋಯಾದಿಂದ ಒಂದು ಮಾರು ಕೆಳಗೆ ತೂಕ ಕಟ್ಟಿ. ಉದ್ದ ಆಳಕ್ಕಿಂತ ಮೂರನೇ ಒಂದು ಪಾಲು ಹೆಚ್ಚಿರಲಿ. 60 ಅಡಿ ಆಳಕ್ಕೆ 80 ಅಡಿ. ಅಷ್ಟಕ್ಕಷ್ಟೇ ಬಿಟ್ಟರೆ ಭರತದ ಸೆಳೆತದಲ್ಲಿ ಬೋಯಾ ಮುಳುಗುತ್ತದೆ, ಇಲ್ಲವೇ ಬೋನು ತಳ ಬಿಟ್ಟು ಆಳಕ್ಕೆ ಜಾರುತ್ತದೆ. 'ಕದ್ದೊಯ್ದರು' ಎಂದು ಬಯ್ಯುವವರ ಬೋನುಗಳಲ್ಲಿ ಬಹಳಷ್ಟು ಹೀಗೆ ನಡೆದುಕೊಂಡೇ ಹೋದವು. ಹಗುರ ಬೋನಿನ ತಳಕ್ಕೆ ಕಬ್ಬಿಣದ ಸರಳಿನ ತುಂಡುಗಳನ್ನು ಕಟ್ಟಿ. ಫೆರಿ ಓಡಾಡುವ ದಾರಿಯಲ್ಲಿ, ಮರೀನಾದ ಬಾಯಲ್ಲಿ ಇಳಿಸಬೇಡಿ.

ಬೋಯಾ ಅರ್ಧ ಕೆಂಪು, ಅರ್ಧ ಬಿಳಿ ಇರಬೇಕು. ಪೂರ್ತಿ ಬಿಳಿಯದು ನಡೆಯದು. ಬುದ್ಧಿ ಓಡಿಸಿ ಡಿಟರ್ಜೆಂಟ್ ಬಾಟಲಿ, ಬ್ಲೀಚ್ ಡಬ್ಬಿ ಕಟ್ಟುವುದೂ ನಿಷಿದ್ಧ. ಅದರ ಮೇಲೆ ಒಬ್ಬರ, ಒಬ್ಬರದೇ ಪೂರ್ತಿ ಹೆಸರು ಮತ್ತು ಅಂಚೆ ವಿಳಾಸ ಓದುವಂತೆ ಇರಬೇಕು. ಗಂಡ-ಹೆಂಡಿರ ಇಬ್ಬರ ಹೆಸರನ್ನೂ ಒಂದೇ ಬೋಯಾಕ್ಕೆ ಬರೆದರೆ ಆ ಬೋನು ಯಾರದೂ ಅಲ್ಲ. ಫೋನ್ ನಂಬರ್ ಕಡ್ಡಾಯವಲ್ಲ, ಆದರೆ ಬರೆದರೆ ತಪ್ಪಿಹೋದ ಬೋನು ಮರಳಿ ಬರುವ ಸಾಧ್ಯತೆ ಹೆಚ್ಚು. ಸಾದಾ ಮಾರ್ಕರ್ ಕೆಲವೇ ವಾರದಲ್ಲಿ ಬಿಸಿಲಿಗೆ ಮಾಸುತ್ತದೆ. ಬರೆದ ಮೇಲೆ ಪಾರದರ್ಶಕ ವಾರ್ನಿಷ್ ಒಂದು ಕೋಟು ಹೊಡೆಯಿರಿ.

ಪ್ರಶ್ನೆ: ಡಂಜನೆಸ್ ಕನಿಷ್ಠ 6¼ ಇಂಚು ಇರಬೇಕು ಎಂದರೆ ಎಲ್ಲಿಂದ ಎಲ್ಲಿಗೆ? ಗಂಡು, ಹೆಣ್ಣು, ಮೆತ್ತನೆ ಚಿಪ್ಪು ಗುರುತಿಸುವುದು ಹೇಗೆ? (ಎವರೆಟ್)

ಬೆನ್ನಿನ ಚಿಪ್ಪಿನ ಅತಿ ಅಗಲದ ಜಾಗದಲ್ಲಿ ಎರಡೂ ಕಡೆ ಒಂದೊಂದು ಮುಳ್ಳಿನ ಮೊನೆ ಚಾಚಿರುತ್ತದೆ. ಅಳತೆ ಆ ಮೊನೆಯಿಂದ ಮೊನೆಗಲ್ಲ. ಮೊನೆಗಳ ಮುಂದುಗಡೆ, ತಲೆಯ ಕಡೆಗೆ ತಾಗಿಕೊಂಡು, ಮುಳ್ಳನ್ನು ಬಿಟ್ಟು ಅಳೆಯಬೇಕು. ಮೊನೆ ಸೇರಿಸಿ ಅಳೆದವರು 6¼ ಎಂದುಕೊಂಡು ಇಟ್ಟದ್ದು ನಿಜವಾಗಿ ಚಿಕ್ಕದೇ ಇರುತ್ತದೆ. ಬಟ್ಟೆಯ ಟೇಪು ಇಲ್ಲಿ ಕೆಲಸಕ್ಕೆ ಬಾರದು, ಬೆನ್ನಿನ ಉಬ್ಬಿನ ಮೇಲೆ ಬಾಗಿ ಹೆಚ್ಚು ತೋರಿಸುತ್ತದೆ. ಪ್ಲಾಸ್ಟಿಕ್ಕಿನ ಕ್ರ್ಯಾಬ್ ಗೇಜ್ ಅಗ್ಗ. ಅದನ್ನು ಚಿಪ್ಪಿಗೆ ಅಡ್ಡಲಾಗಿ ಹಿಡಿಯಿರಿ. ಗೇಜಿನ ಎರಡು ಕಾಲಿನ ನಡುವೆ ಏಡಿ ಸಡಿಲವಾಗಿ ಹೋದರೆ ಚಿಕ್ಕದು, ತಡೆದರೆ ಸರಿ. ಒಂದೇ ಗೇಜಿನಲ್ಲಿ ಹಲವು ರಾಜ್ಯಗಳ ಅಳತೆ ಕೊರೆದಿರುತ್ತಾರೆ, ಓದಿ ಹಿಡಿಯಿರಿ.

ಇಟ್ಟುಕೊಳ್ಳುವುದು ಗಂಡು ಮಾತ್ರ. ಮಗುಚಿ ನೋಡಿ: ಹೊಟ್ಟೆಯ ಮೇಲಿನ ಮಡಿಕೆ ಗೋಪುರದಂತೆ ಕಿರಿದಾಗಿ ಮೊನಚಾಗಿದ್ದರೆ ಗಂಡು, ಬೀಸಣಿಗೆಯಂತೆ ಅಗಲವಾಗಿದ್ದರೆ ಹೆಣ್ಣು. ಹಿಡಿಯುವುದು ಹಿಂದಿನಿಂದ, ಕೊನೆಯ ಕಾಲುಗಳ ನಡುವೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಇಕ್ಕಳ ಅಲ್ಲಿಗೆ ಎಟಕುವುದಿಲ್ಲ. ಅಳತೆಯ ಹಿಂದಿನ ಲೆಕ್ಕ ಸರಳ. ಗಂಡು ಈ ಗಾತ್ರಕ್ಕೆ ಬರುವುದು ಸುಮಾರು ನಾಲ್ಕನೆಯ ವರ್ಷಕ್ಕೆ, ಅಷ್ಟರೊಳಗೆ ಅದು ಒಂದೆರಡು ಸಲವಾದರೂ ಕೂಡಿರುತ್ತದೆ.

ಮೆತ್ತನೆಯದು ಈಗಷ್ಟೇ ಹಳೆ ಚಿಪ್ಪು ಕಳಚಿ ಹೊಸತು ಹೊದ್ದ ಏಡಿ. ಬೆನ್ನು ಗಟ್ಟಿಯಾಗಿಯೇ ತೋರಬಹುದು, ಮೋಸಹೋಗಬೇಡಿ. ಕೆಳಮೈಯಲ್ಲಿ, ಇಕ್ಕಳದ ಕಾಲಿನ ಬುಡದ ಪಕ್ಕ ಹೆಬ್ಬೆರಳಿನಿಂದ ಒತ್ತಿ. ಖಾಲಿ ಪ್ಲಾಸ್ಟಿಕ್ ಬಾಟಲಿಯಂತೆ ಒಳಗೆ ತಗ್ಗಿದರೆ ಬಿಡಬೇಕು. ಇದು ನಿಯಮವೂ ಹೌದು, ಬಾಯಿರುಚಿಯೂ ಹೌದು. ಗಟ್ಟಿ ಏಡಿಯ ತೂಕದ ಕಾಲುಭಾಗದಷ್ಟು ಮಾಂಸ ಸಿಕ್ಕರೆ ಮೆತ್ತನೆಯದರಲ್ಲಿ ಅದರ ಅರ್ಧದ ಆಸುಪಾಸು, ಅದೂ ನೀರುನೀರು. ಬಿಡುವಾಗ ಪಿಯರಿನ (ಕಡಲಿಗೆ ಚಾಚಿದ ಕಟ್ಟೆಯ) ಮೇಲಿಂದ ಎಸೆಯಬೇಡಿ, ಮೆತ್ತನೆ ಮೈ ಒಡೆಯುತ್ತದೆ.

ಇಕ್ಕಳದ ತುದಿ ಬಿಳಿಯಾಗಿದ್ದರೆ ಡಂಜನೆಸ್, ಕಪ್ಪಾಗಿದ್ದರೆ ರೆಡ್ ರಾಕ್. ರೆಡ್ ರಾಕ್‌ಗೆ 5 ಇಂಚು ಸಾಕು, ಗಂಡು ಹೆಣ್ಣು ಯಾವುದಾದರೂ ಸರಿ, ದಿನಕ್ಕೆ ಆರು. ಇದು ಡಂಜನೆಸ್ಸಿನ ಐದರ ಮೇಲೆ ಪ್ರತ್ಯೇಕ. ಚಿಪ್ಪು ಕಲ್ಲಿನಂತೆ, ಮಾಂಸ ಕಡಿಮೆ. ಆದರೆ ಗಸಿಗೆ ಹಾಕಿದರೆ ರಸ ಬಿಡುವುದರಲ್ಲಿ ಇದು ಮೇಲು ಎಂಬುದು ನಮ್ಮ ಅಭಿಪ್ರಾಯ. ಕಣ್ಣಿನಾಚೆ ಎರಡೂ ಬದಿ ಐದೈದು ಮುಳ್ಳಿರುವ ಸಣ್ಣ ಏಡಿ ಕಂಡರೆ ಅದು ಯುರೋಪಿನ ಹಸಿರು ಏಡಿ, ಇಲ್ಲಿಗೆ ನುಗ್ಗಿ ಬಂದ ಪೀಡೆ. ಬಣ್ಣ ನೋಡಿ ತೀರ್ಮಾನಿಸಬೇಡಿ, ಮುಳ್ಳು ಎಣಿಸಿ. ಫೋಟೊ ತೆಗೆದು ಇಲಾಖೆಗೆ ತಿಳಿಸಿ, ನೀವಾಗಿ ಕೊಲ್ಲಲು ಹೋಗಬೇಡಿ. ಈ ಹೆಸರಲ್ಲಿ ಇಲ್ಲಿನ ಸ್ವಂತ ಏಡಿಗಳೇ ಸಾಯುತ್ತಿವೆ.

ಪ್ರಶ್ನೆ: ಭಾನುವಾರ ಸಂಜೆ ಬೋನು ಇಳಿಸಿ ಬುಧವಾರ ಎತ್ತಬಹುದೇ? (ಮಕಿಲ್ಟಿಯೊ)

ಆಗದು. ಬೇಸಿಗೆ ಸೀಸನ್ನಿನಲ್ಲಿ ಬಹುತೇಕ ಪ್ರದೇಶಗಳು ಗುರುವಾರದಿಂದ ಸೋಮವಾರದವರೆಗೆ ಮಾತ್ರ ತೆರೆದಿರುತ್ತವೆ. ಮಂಗಳವಾರ, ಬುಧವಾರ ಬೋನು ನೀರಲ್ಲೇ ಇರಕೂಡದು, ಖಾಲಿಯಾಗಿದ್ದರೂ. ಸೋಮವಾರ ಎತ್ತಿಬಿಡಿ. ಇಳಿಸುವುದು, ಎತ್ತುವುದು ಸೂರ್ಯೋದಯಕ್ಕೆ ಒಂದು ಗಂಟೆ ಮುಂಚಿನಿಂದ ಸೂರ್ಯಾಸ್ತದ ನಂತರ ಒಂದು ಗಂಟೆಯವರೆಗೆ. ನಡುರಾತ್ರಿ ಕೈ ಹಾಕುವಂತಿಲ್ಲ. ತೆರೆಯುವ ದಿನಾಂಕ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಟಕೋಮಾದಿಂದ ದಕ್ಷಿಣಕ್ಕಿರುವ 13ನೇ ಏರಿಯಾವನ್ನು ಏಡಿ ಕಡಿಮೆಯಾಗಿ ಈಚಿನ ವರ್ಷಗಳಲ್ಲಿ ಮುಚ್ಚಿಯೇ ಇಟ್ಟಿದ್ದಾರೆ. ಹೊರಡುವ ಹಿಂದಿನ ಸಂಜೆ ಇಲಾಖೆಯ ತುರ್ತು ನಿಯಮಗಳ ಪುಟ ನೋಡಿ, ಕಳೆದ ವರ್ಷದ ನೆನಪಿನ ಮೇಲೆ ಹೋಗಬೇಡಿ.

ಪ್ರಶ್ನೆ: ಕಾರು ನಾರುತ್ತದೆ, ಪಿಯರಿನಲ್ಲೇ ಬಿಡಿಸಿ ತೊಳೆದು ತರಬಹುದೇ? ಚಿಪ್ಪಿನೊಳಗಿನ ಹಳದಿ ಭಾಗ ಸಾರಿಗೆ ಹಾಕುತ್ತೇವೆ, ಪರವಾಗಿಲ್ಲವೇ? (ಲಿನ್‌ವುಡ್)

ಆ ದಿನದ ಹಿಡಿಯುವ ಕೆಲಸ ಮುಗಿಸಿ ದಡಕ್ಕೆ ಬರುವವರೆಗೆ ಬೆನ್ನಿನ ಚಿಪ್ಪು ತೆಗೆಯುವಂತಿಲ್ಲ. ಚಿಪ್ಪಿಲ್ಲದಿದ್ದರೆ ಅಳತೆ ತಪಾಸಣೆ ಮಾಡುವುದು ಹೇಗೆ? ಮುಚ್ಚಳವಿರುವ ಐಸ್ ಪೆಟ್ಟಿಗೆ ಒಯ್ಯಿರಿ, ಮೇಲೆ ಒದ್ದೆ ಗೋಣಿ ಹೊದೆಸಿ. ಸಿಹಿನೀರಿನಲ್ಲಿ ಮುಳುಗಿಸಿಟ್ಟರೆ ಏಡಿ ಸಾಯುತ್ತದೆ. ಕರಗಿದ ಐಸಿನ ನೀರು ಹರಿದುಹೋಗಲು ಪೆಟ್ಟಿಗೆಯ ಬಿರಡೆ ತೆರೆದಿಡಿ.

ಹಳದಿ ಭಾಗ ಬೇಡ. ಕೆಲವು ಪಾಚಿಗಳ ವಿಷ ಸೇರುವುದು ಏಡಿಯ ಒಳಾಂಗಗಳಲ್ಲಿ, ಮತ್ತು ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. 2015ರಲ್ಲಿ ಡೊಮೊಯಿಕ್ ಆಮ್ಲವೆಂಬ ಇಂಥ ವಿಷದ ಕಾರಣಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯ ಏಡಿ ಸೀಸನ್ನೇ ತಡವಾಯಿತು. ಇಡಿಯಾಗಿ ಬೇಯಿಸಿದರೆ ಒಳಾಂಗದ ವಿಷ ಸಾರಿಗಿಳಿಯುತ್ತದೆ. ಈ ವಿಷಯದಲ್ಲಿ ನಮ್ಮ ಊರಿನ ಕ್ರಮವೇ ಲೇಸು: ಮೊದಲು ಚಿಪ್ಪು ಕಿತ್ತು, ಕಿವಿರು, ಕರುಳು ಎಲ್ಲ ತೆಗೆದು, ತೊಳೆದು, ಎರಡು ತುಂಡು ಮಾಡಿ ಆಮೇಲೆ ಮಸಾಲೆಗೆ. ರಾಜ್ಯ ಆರೋಗ್ಯ ಇಲಾಖೆಯ ಚಿಪ್ಪುಜೀವಿ ಸುರಕ್ಷತಾ ನಕ್ಷೆಯನ್ನೂ ಹೊರಡುವ ಮೊದಲು ತೆರೆದು ನೋಡಿ.

ಇದೇ ಓದುಗರು ಸಂಘದ ಊಟಕ್ಕೆ ಏಡಿ ಸುಕ್ಕ ಮಾಡಿ ತಟ್ಟೆಗಿಷ್ಟು ಎಂದು ಹಣ ಪಡೆಯಬಹುದೇ ಎಂದೂ ಕೇಳಿದ್ದಾರೆ. ಹವ್ಯಾಸಿ ಲೈಸೆನ್ಸಿನಲ್ಲಿ ಹಿಡಿದದ್ದನ್ನು ಮಾರುವಂತಿಲ್ಲ. ಹಣ ತೆಗೆದುಕೊಂಡರೆ ಅದು ಮಾರಾಟ. ಹಾಗೇ ಬಡಿಸಿ.

ಪ್ರಶ್ನೆ: ನಾವು ಸ್ಯಾನ್ ಹೊಸೆಯಲ್ಲಿದ್ದೇವೆ. ಇಲ್ಲಿ ಪಿಯರಿನಿಂದ ಹಿಡಿಯಲು ಲೈಸೆನ್ಸೇ ಬೇಡವಂತೆ, ನಿಜವೇ?

ನಿಜ, ಕ್ಯಾಲಿಫೋರ್ನಿಯಾದಲ್ಲಿ ಕಡಲಿನ ಸಾರ್ವಜನಿಕ ಪಿಯರಿನಿಂದ ಹಿಡಿಯುವವರಿಗೆ ಲೈಸೆನ್ಸ್ ಬೇಕಿಲ್ಲ. ಉಳಿದ ನಿಯಮಗಳು ಅವರಿಗೂ ಅಷ್ಟೇ. ಡಂಜನೆಸ್ ಅಳತೆ ಅಲ್ಲಿ 5¾ ಇಂಚು, ದಿನಕ್ಕೆ ಹತ್ತು, ಹೆಣ್ಣನ್ನೂ ಇಟ್ಟುಕೊಳ್ಳಬಹುದು. ಸೀಸನ್ ನವೆಂಬರಿನ ಮೊದಲ ಶನಿವಾರ ಶುರು, ತಿಮಿಂಗಿಲಗಳು ಹಗ್ಗಕ್ಕೆ ಸಿಕ್ಕುವ ಭಯವಿದ್ದರೆ ಬೋನುಗಳಿಗೆ ಮಾತ್ರ ಮುಂದೆ ಹೋಗುತ್ತದೆ. ಪೆಸಿಫಿಕಾದ ಪಿಯರಿಗೆ ಹೋಗುವವರಿಗೆ ಇದು ಸಾಕು. ಆದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಮತ್ತು ಸ್ಯಾನ್ ಪಾಬ್ಲೊ ಕೊಲ್ಲಿಯ ಒಳಗೆ ಡಂಜನೆಸ್ ಹಿಡಿಯುವುದೇ ನಿಷಿದ್ಧ, ಎಷ್ಟೇ ದೊಡ್ಡದಿರಲಿ. ಕೊಲ್ಲಿಯ ಒಳಭಾಗ ಅವುಗಳ ಮರಿಗಳು ಬೆಳೆಯುವ ತೊಟ್ಟಿಲು. ಅಲ್ಲಿ ಕಪ್ಪು ತುದಿಯ ರಾಕ್ ಏಡಿ ಹಿಡಿಯಬಹುದು, 4 ಇಂಚಿನ ಮೇಲಿದ್ದರೆ. ಇಕ್ಕಳದ ತುದಿ ಬಿಳಿ ಕಂಡರೆ ಅಳೆಯುವ ಗೋಜಿಗೂ ಹೋಗದೆ ನೀರಿಗೆ ಬಿಡಿ.